ಕಲ್ಲಿನೊಳಗಿನ ಕೋಣೆ ಕಂಡ ಚಿಕ್ಕತಾಯಮ್ಮ

ಬೆಳಗಿನ ಐದೂವರೆ. ಪಿಸ್ಕಾಟವೇಯ ವಿಶ್ವವಿದ್ಯಾಲಯದ ಭೂವಿಜ್ಞಾನ ಕಟ್ಟಡದಲ್ಲಿ ದೀಪ ಉರಿಯುತ್ತಿರುವುದು ಒಂದೇ ಕಿಟಕಿಯಲ್ಲಿ, ಅದೂ ನೆಲಮಾಳಿಗೆಯದು. ಹೊರಗೆ ಫೆಬ್ರವರಿಯ ಹಿಮ ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಗುಡ್ಡೆಯಾಗಿ ಕಲ್ಲಾಗಿದೆ. ಒಳಗೆ ಮಂಚದಷ್ಟು ಅಗಲದ ಇಳಿಜಾರು ಮೇಜಿನ ಮೇಲೆ ಬಾಗಿ, ನಾಲ್ಕಡಿ ಹತ್ತಿಂಚು ಎತ್ತರದ ಹೆಂಗಸೊಬ್ಬರು ಉಸಿರು ಹಿಡಿದು ಒಂದು ಗೆರೆ ಎಳೆಯುತ್ತಿದ್ದಾರೆ. ಗೆರೆ ಮುಗಿಯುವವರೆಗೆ ಬಾಗಿಲಲ್ಲಿ ನಿಂತ ನಾನೂ ಉಸಿರು ಬಿಡುವುದಿಲ್ಲ.

“ಎಂಟು ಗಂಟೆಗೆ ಪಕ್ಕದ ರೂಮಿನ ಪಂಪು ಶುರುವಾಗುತ್ತೆ. ಆಮೇಲೆ ಟೇಬಲ್ ನಡುಗುತ್ತೆ. ನಿಮಗೆ ಗೊತ್ತಾಗಲ್ಲ, ನನ್ನ ಪೆನ್ನಿಗೆ ಗೊತ್ತಾಗುತ್ತೆ,” ಎನ್ನುತ್ತಾರೆ ಚಿಕ್ಕತಾಯಮ್ಮ. “ಅದಕ್ಕೇ ಸಣ್ಣ ಗೆರೆ ಎಲ್ಲಾ ಬೆಳಿಗ್ಗೆ. ಎಂಟರ ಮೇಲೆ ಅಕ್ಷರ ಬರೆಯೋದು, ಅಳಿಸೋದು.”

ಅವರು ಎಳೆಯುತ್ತಿರುವುದು ಒಂದು ಗುಹೆಯ ಗೋಡೆ. ಇಟಲಿ ದೇಶವನ್ನು ಬೂಟಿಗೆ ಹೋಲಿಸುತ್ತಾರಲ್ಲ, ಆ ಬೂಟಿನ ಹಿಮ್ಮಡಿಯ ಜಾಗದಲ್ಲಿ ಪುಲಿಯಾ ಎಂಬ ಕರಾವಳಿ ಸೀಮೆಯಿದೆ. ಸುಣ್ಣಕಲ್ಲಿನ ನಾಡು. ಮಳೆಯ ನೀರು ಕಲ್ಲನ್ನು ಕರಗಿಸುತ್ತ ಕರಗಿಸುತ್ತ ನೆಲದೊಳಗೆಲ್ಲ ಟೊಳ್ಳು ಮಾಡಿದೆ. ಹೊಳೆಗಳು ಮೇಲೆ ಹರಿಯದೆ ಕತ್ತಲಲ್ಲೇ ಹರಿದು ಸಮುದ್ರ ಸೇರುತ್ತವೆ. ಸಾವಿರ ವರ್ಷದ ಹಿಂದೆ ಅಲ್ಲಿಗೆ ಬಂದ ಸನ್ಯಾಸಿಗಳು ಮೆತ್ತನೆಯ ಬಂಡೆ ಹುಡುಕಿ ಅದರೊಳಗೆ ಚರ್ಚುಗಳನ್ನು ಕೊರೆದರು. ಒಂದು ಕಲ್ಲನ್ನೂ ಹೊರಗಿನಿಂದ ತರಲಿಲ್ಲ. ಕಂಬ, ಕಮಾನು, ಪೀಠ ಎಲ್ಲವೂ ಬಂಡೆಯಲ್ಲೇ ಇದ್ದವು. ಉಳಿದದ್ದನ್ನು ತೆಗೆದು ಹಾಕಿದರು.

ಇಲ್ಲಿನ ಪ್ರಾಧ್ಯಾಪಕ ರಿನಾಲ್ಡಿ ಅವರ ತಂಡ ಪ್ರತಿ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ಗುಹೆಗಳನ್ನೂ ಚರ್ಚುಗಳನ್ನೂ ಅಳೆದು ಬರುತ್ತದೆ. ಟೇಪು, ದಿಕ್ಸೂಚಿ, ಮಣ್ಣು ಮೆತ್ತಿದ ನೋಟ್‌ಬುಕ್ಕುಗಳು. ಆ ಅಂಕಿಗಳು ನಕ್ಷೆಯಾಗುವುದು ಈ ನೆಲಮಾಳಿಗೆಯಲ್ಲಿ. ೧೯೮೧ರಿಂದ ಇವತ್ತಿಗೆ, ಅಂದರೆ ೧೯೯೧ರ ಚಳಿಗಾಲಕ್ಕೆ, ಅರವತ್ತಮೂರು ಗುಹೆ, ಇಪ್ಪತ್ತೇಳು ಚರ್ಚು. ಒಂದು ಚರ್ಚಿನ ಹಾಳೆಗೆ ಸರಾಸರಿ ಹನ್ನೊಂದು ವಾರ. ಬಂಡೆಯ ಮೈ ತೋರಿಸಲು ಇಡುವ ಚುಕ್ಕೆಗಳೇ ದಿನಕ್ಕೆ ಐದಾರು ಸಾವಿರ.

“ಎಣಿಸಿದ್ದೀರಾ?” ಎಂದು ಕೇಳುತ್ತೇನೆ.

“ಒಂದಿನ ಎಣಿಸಿದೆ. ಆಮೇಲೆ ಭಯ ಆಗಿ ಬಿಟ್ಟೆ,” ಎಂದು ಪೆನ್ನಿನ ಮೊನೆ ಒರೆಸಿಕೊಳ್ಳುತ್ತಾರೆ.

ಚಿಕ್ಕತಾಯಮ್ಮ ಪಾಂಡವಪುರದ ಕಡೆಯವರು. ತಂದೆ ಬೋರಲಿಂಗಯ್ಯ ಕಲ್ಲು ಒಡೆಯುತ್ತಿದ್ದವರು. ಬಂಡೆ ಸಿಡಿದು ಬಲಗೈಯ ಎರಡು ಬೆರಳು ಹೋದ ಮೇಲೂ ಎಡಗೈಗೆ ಸುತ್ತಿಗೆ ಅಭ್ಯಾಸ ಮಾಡಿಕೊಂಡು ಹದಿನಾಲ್ಕು ವರ್ಷ ಕೆಲಸ ಮಾಡಿದರು. ಮಗಳು ಬುತ್ತಿ ಒಯ್ದಾಗ ಪಕ್ಕ ಕೂರಿಸಿಕೊಂಡು, ಸುತ್ತಿಗೆಯಿಂದ ತಟ್ಟಿ, ಎಲ್ಲಿ ಬಿರಿಯುತ್ತದೆ ಹೇಳು ಎನ್ನುತ್ತಿದ್ದರಂತೆ. “ಪುಸ್ತಕ ಓದಕ್ಕೆ ಮುಂಚೆ ಉಳಿ ಗುರುತು ಓದೋದು ಕಲ್ತೆ. ಇದು ಇಂಥೋರ ಏಟು, ಇವ್ರು ಎಡಚ, ಇವ್ರಿಗೆ ಇವತ್ತು ಮೈ ಸರಿ ಇರಲಿಲ್ಲ, ಎಲ್ಲಾ ಕಲ್ಲಲ್ಲಿ ಇರುತ್ತೆ ಕಣ್ರೀ.”

ಮನೆತನದಲ್ಲಿ ಎಸ್‌ಎಸ್‌ಎಲ್‌ಸಿ ದಾಟಿದ ಮೊದಲನೆಯವರು ಅವರೇ. ಮೈಸೂರಿನಲ್ಲಿ ಡ್ರಾಫ್ಟ್ಸ್‌ಮನ್ ಡಿಪ್ಲೊಮಾ. ತರಗತಿಯಲ್ಲಿ ಮೂವತ್ತೆಂಟು ಗಂಡು ಹುಡುಗರ ನಡುವೆ ಒಬ್ಬರೇ. ಮೇಜು ಎಟುಕದೆ ಎರಡು ಇಟ್ಟಿಗೆಯ ಮೇಲೆ ನಿಂತು ಪರೀಕ್ಷೆ ಬರೆದರು. ಟೆಲಿಫೋನ್ ಕಂಪನಿಯಲ್ಲಿ ಟೆಕ್ನಿಷಿಯನ್ ಆಗಿದ್ದ ಜಯರಾಮು ಅವರನ್ನು ಮದುವೆಯಾಗಿ ೧೯೭೯ರಲ್ಲಿ ದೇಶ ಬಿಟ್ಟು, ಈ ವಿಶ್ವವಿದ್ಯಾಲಯಕ್ಕೆ ಹತ್ತಿರದ ಐಸೆಲಿನ್‌ಗೆ ಬಂದರು. ಮೊದಲ ಎರಡು ವರ್ಷ ತಾವು ಬರೆದ ಕಟ್ಟಡದ ನಕ್ಷೆ ಹಿಡಿದು ಕೆಲಸ ಕೇಳುತ್ತ ಆಫೀಸಿನಿಂದ ಆಫೀಸಿಗೆ ಅಲೆದರು. “ಇಂಗ್ಲಿಷ್ ತಡವರಿಸ್ತಿತ್ತು. ಗೆರೆ ನೋಡಿ ಅಂತ ಹಾಳೆ ಮುಂದೆ ಹಿಡಿದ್ರೆ, ಮುಖ ನೋಡೋರು.” ಹಾಳೆ ನೋಡಿದ ಮೊದಲನೆಯವರು ರಿನಾಲ್ಡಿ.

ಆರು ವರ್ಷ ಚಿಕ್ಕತಾಯಮ್ಮ ಒಂದೇ ಒಂದು ಗುಹೆಯನ್ನೂ ಕಾಣದೆ ಗುಹೆಗಳನ್ನು ಬರೆದರು. ಆ ಮೇಲೆ ನಡೆದದ್ದನ್ನು ಹೇಳುವ ಮೊದಲು ಅವರು ಒಂದು ಮಾತು ಕೇಳುತ್ತಾರೆ: “ಊರಿನ ಹೆಸರು ಬರೀಬೇಡಿ. ಗೋಡೆ ಚಿತ್ರ ಕೊಯ್ದು ಮಾರೋ ಕಳ್ಳರಿದ್ದಾರೆ.” ಬರೆಯುವುದಿಲ್ಲ.

೧೯೮೭ರ ಏಪ್ರಿಲ್. ಪುಲಿಯಾದ ಆ ಊರಿನ ಪುರಸಭೆಯಿಂದ ಪ್ರಾಧ್ಯಾಪಕರಿಗೆ ಕಾಗದ ಬಂತು. ಬಂಡೆ ಚರ್ಚಿನ ಮೇಲ್ಗಡೆಯ ರಸ್ತೆ ಬಿರಿಯುತ್ತಿದೆ, ಪಕ್ಕದ ಮನೆಯ ಗೋಡೆಯೂ ಸೀಳಿದೆ. ಆ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ, ಬಿಟ್ಟು ಹೋಗಲೊಲ್ಲಳು. ಜೂನ್ ಇಪ್ಪತ್ತೆರಡರ ಸೋಮವಾರ ಕೆಳಗಿನ ಚರ್ಚಿಗೆ ಕಾಂಕ್ರೀಟು ಸುರಿದು ತುಂಬಿಸಿಬಿಡುತ್ತೇವೆ, ನಿಮ್ಮಲ್ಲಿರುವ ನಕ್ಷೆ ಕಳಿಸಿ.

ನಕ್ಷೆಯ ಪ್ರತಿ ತೆಗೆಯಲು ಚಿಕ್ಕತಾಯಮ್ಮ ಹಾಳೆ ಹರವಿಕೊಂಡರು. ಅದುವರೆಗೆ ಬರೆದ ಇಪ್ಪತ್ತೆರಡು ಚರ್ಚುಗಳಲ್ಲಿ ಉಳಿದೆಲ್ಲಕ್ಕೂ ಮೂಡಣ ಗೋಡೆಯಲ್ಲಿ ಅರ್ಧ ಬಟ್ಟಲಿನಂಥ ಗರ್ಭಗುಡಿ ಇತ್ತು. ಇದೊಂದರ ಮೂಡಣ ಗೋಡೆ ಬೋಳು. ಚರ್ಚಿನ ಆಚೆ ಸಮುದ್ರದ ಕಡೆಗೆ ತಾನಾಗಿ ಆದ ಒಂದು ಗುಹೆಯಿದೆ. ಅದನ್ನು ಬೇರೆ ತಂಡ, ಬೇರೆ ವರ್ಷ ಅಳೆದಿತ್ತು. ಎರಡೂ ಹಾಳೆಗಳನ್ನು ಅವರು ಅಡಿಯಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟರು. ನಡುವೆ ಏಳು ಮೀಟರು ಖಾಲಿ. ಗುಹೆಯ ಹಾಳೆಯಲ್ಲಿ ಆ ಖಾಲಿಯತ್ತ ತಿರುಗಿದ ಒಂದು ಸಂದು, ಪಕ್ಕದಲ್ಲಿ ಯಾರೋ ವಿದ್ಯಾರ್ಥಿಯ ಟಿಪ್ಪಣಿ: ತೀರಾ ಕಿರಿದು, ಒಳಗೆ ಹೋಗಲಿಲ್ಲ.

“ಪ್ರೊಫೆಸರ್ ಹತ್ರ ಹೋಗಿ, ಸರ್, ಒಂದು ರೂಮು ಮಿಸ್ ಆಗಿದೆ ಅಂದೆ. ನಕ್ಕರು. ಕೆಟ್ಟ ನಗೆ ಅಲ್ಲ. ತುಂಬಾ ಹೊತ್ತು ಹಾಳೆ ನೋಡಿದ್ರು. ಆಮೇಲೆ, ನೀನೇ ಬಂದು ತೋರಿಸು ಅಂದ್ರು.”

ಜಯರಾಮು ಆ ಸಂಜೆಯನ್ನು ನೆನೆಯುತ್ತಾರೆ. “ಇವ್ಳು ಲಿಫ್ಟ್‌ಗೆ ಹೆದರೋಳು. ಮಗಳಿಗೆ ಆರು ವರ್ಷ. ನಾನು ನೋಡ್ಕೋತೀನಿ ಹೋಗು ಅಂದೆ. ಅನ್ನೋದು ಅಂದ್ಬಿಟ್ಟೆ, ಅವತ್ತು ನನಗೇ ನಿದ್ದೆ ಬರಲಿಲ್ಲ.”

ಜೂನ್ ಹದಿನೇಳರಂದು ಅವರು ಚರ್ಚಿನೊಳಗೆ ಇಳಿದರು. ತಾವು ಬರೆದ ಕಂಬಗಳ ನಡುವೆ ತಾವೇ ನಿಂತರು. ಪ್ರತಿ ತಿರುವೂ ಗೊತ್ತು. ಆದರೆ ಇಷ್ಟು ಎತ್ತರ, ಇಷ್ಟು ತಣ್ಣಗೆ, ಇಷ್ಟು ಮೌನ ಎಂಬುದು ಯಾವ ಹಾಳೆಯಲ್ಲೂ ಇರಲಿಲ್ಲ. ಆಮೇಲೆ ಮೂಡಣ ಗೋಡೆಗೆ ದೀಪವನ್ನು ಓರೆಯಾಗಿ ಹಿಡಿದರು. ಚರ್ಚಿನ ತುಂಬ ಪಿಕಾಸಿಯ ಏಟುಗಳು ಬಲದಿಂದ ಎಡಕ್ಕೆ ಇಳಿದಿದ್ದವು. ಗೋಡೆಯ ನಡುವೆ ಒಂದಾಳಿನ ಅಗಲದಲ್ಲಿ ಮಾತ್ರ ಏಟುಗಳು ಅಡ್ಡಡ್ಡ, ಅವಸರದವು. ತಂಡಕ್ಕೆ ನೆರವಾಗಲು ಬಂದಿದ್ದ ನಿಕೋಲಾ ಎಂಬ ಹಳೆಯ ಕಲ್ಲುಕುಟಿಗ ಪಕ್ಕದಲ್ಲಿದ್ದ. ಅವನ ಸುತ್ತಿಗೆ ಕೇಳಿ ತೆಗೆದುಕೊಂಡು ಎರಡು ಕಡೆ ತಟ್ಟಿದರು. ಒಂದು ಕಡೆ ಗಟ್ಟಿ ದನಿ, ಇನ್ನೊಂದು ಕಡೆ ಕುಂದಿದ ದನಿ.

“ಹುಟ್ಟುಗಲ್ಲಲ್ಲ, ಇಟ್ಟ ಕಲ್ಲು ಅಂತ ಕನ್ನಡದಲ್ಲೇ ಅಂದೆ. ಅವನಿಗೆ ನನ್ನ ಭಾಷೆ ಬರಲ್ಲ, ನನಗೆ ಅವನದು ಬರಲ್ಲ. ಅವನು ಹೂಂ ಅಂತ ತಲೆ ಆಡಿಸಿ, ಟೋಪಿ ತೆಗೆದ.”

ಗೋಡೆ ಒಡೆಯಲು ಊರಿನವರ ಅಪ್ಪಣೆ ಬೇಕು, ಅದಕ್ಕೆ ತಿಂಗಳುಗಳು. ಉಳಿದ ದಾರಿ ಸಮುದ್ರದ ಕಡೆಯ ಸಂದು. ಹನ್ನೊಂದು ಇಂಚು ಎತ್ತರ. ತಂಡದಲ್ಲಿದ್ದ ನಾಲ್ವರೂ ಆರಡಿ ಆಳುಗಳು. ಹದಿನೆಂಟರ ಬೆಳಿಗ್ಗೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಹೊಟ್ಟೆಯ ಮೇಲೆ ತೆವಳುತ್ತ ಚಿಕ್ಕತಾಯಮ್ಮ ಒಳಗೆ ಹೋದರು. ಎರಡು ಮೀಟರಿನ ಹಾದಿಗೆ ನಲವತ್ತು ನಿಮಿಷ ಹಿಡಿಯಿತು. ನಡುವೆ ಭುಜ ಸಿಕ್ಕಿಕೊಂಡಿತು.

“ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಉಸಿರು ತಗೊಂಡ್ರೆ ಬೆನ್ನಿಗೆ ಕಲ್ಲು ಒತ್ತುತ್ತೆ. ಮಗಳ ಮುಖ ಬಂತು. ಯಾಕೆ ಬಂದೆ ಅಂತ ಅತ್ತೆ. ಅಳ್ತಾ ಅಳ್ತಾ ಉಸಿರೆಲ್ಲ ಹೊರಗೆ ಹೋಯ್ತು ನೋಡಿ, ಆಗ ಮೈ ಸಡಿಲ ಆಗಿ ಜಾರಿದೆ.”

ಜಾರಿ ಬಿದ್ದದ್ದು ಒಂದು ಕೋಣೆಯೊಳಗೆ. ಹಣೆಯ ದೀಪ ಎತ್ತಿದರು. ಎದುರಿಗೆ ಅರ್ಧ ಬಟ್ಟಲಿನಂಥ ಗೋಡೆ. ಅದರ ತುಂಬ, ನೆಲದಿಂದ ಸೂರಿನವರೆಗೆ, ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಒಬ್ಬ ತಾಯಿ. ನೀಲಿ ಸೆರಗು. ಇಷ್ಟಗಲ ಕಣ್ಣು. ಎಡಬಲಕ್ಕೆ ಸಾಲಾಗಿ ಗಡ್ಡದ ಸಂತರು. ಶತಮಾನಗಳಿಂದ ಯಾರೂ ದೀಪ ಹಿಡಿದಿರದ ಬಣ್ಣ ನಿನ್ನೆ ಬಳಿದಂತೆ ಹಸಿಯಾಗಿ ಹೊಳೆಯುತ್ತಿತ್ತು. ಕಲ್ಲಿನ ಆಚೆ ಎಲ್ಲೋ ಸಮುದ್ರ ಮೊರೆಯುವುದು ಕೇಳುತ್ತಿತ್ತು. ಹೊರಗಿನಿಂದ ಪ್ರಾಧ್ಯಾಪಕರು ಏನಿದೆ, ಏನು ಕಾಣಿಸುತ್ತಿದೆ ಎಂದು ಇಂಗ್ಲಿಷಿನಲ್ಲಿ ಕೂಗಿ ಕೇಳುತ್ತಲೇ ಇದ್ದರು.

“ನಾನು ಏನಂದೆ ಅಂತ ನನಗೇ ಗೊತ್ತಿರಲಿಲ್ಲ. ಅವ್ರು ಟೇಪ್ ರೆಕಾರ್ಡರ್ ಇಟ್ಟಿದ್ರಂತೆ, ಆಮೇಲೆ ಕೇಳಿಸಿದ್ರು. ‘ಅಮ್ಮ ಕೂತವ್ಳೆ, ಅಮ್ಮ ಕೂತವ್ಳೆ’ ಅಂತಿದ್ದೀನಿ. ಅದು ನಮ್ಮಪ್ಪನ ಮನೆ ಭಾಷೆ. ಡಿಪ್ಲೊಮಾ ಆದ್ಮೇಲೆ ನಾನು ಹಂಗೆ ಮಾತಾಡೇ ಇರಲಿಲ್ಲ.”

ಕಡಲಿನಿಂದ ದಾಳಿಕಾರರು ಬಂದ ಕಾಲದಲ್ಲಿ ಊರವರೇ ಗರ್ಭಗುಡಿಯನ್ನು ಗೋಡೆ ಕಟ್ಟಿ ಮುಚ್ಚಿರಬೇಕು ಎಂಬುದು ಪ್ರಾಧ್ಯಾಪಕರ ಊಹೆ. ಚಿಕ್ಕತಾಯಮ್ಮ ಊಹೆ ಮಾಡಲಿಲ್ಲ, ಅಳೆದರು. ಒಬ್ಬರೇ ಟೇಪಿನ ತುದಿಗೆ ಕಲ್ಲು ಹೇರಿಟ್ಟು, ಎರಡೂವರೆ ಗಂಟೆ, ಎಪ್ಪತ್ತೊಂದು ಅಳತೆ. ಸೂರನ್ನು ಅಳೆಯಲು ತಲೆ ಎತ್ತಿದರು. ಉದ್ದಕ್ಕೂ ಸೀಳು. ಇಡೀ ಸೂರಿನ ಭಾರ ಒಂದು ಸಣ್ಣ ಕಂಬದ ಮೇಲೆ ನಿಂತಿತ್ತು.

ಅದೇ ಸಂದಿನಲ್ಲಿ ತೆವಳಿ ಹೊರಬಂದು, ತಂಗಿದ್ದ ಮನೆಯ ಊಟದ ಮೇಜಿನ ಮೇಲೆ ಎರಡು ದಿನ ಕೂತು ನಕ್ಷೆ ಬರೆದರು. ಆಮೇಲೆ ಮೇಲಿನ ಬೀದಿಯ ನಕ್ಷೆಯನ್ನು ಅದರ ಮೇಲೆ ಇಟ್ಟು ನೋಡಿದರು. ಮುದುಕಿಯ ಮನೆ ನಿಂತಿದ್ದದ್ದು ಚರ್ಚಿನ ಮೇಲಲ್ಲ, ಈ ಕಾಣದ ಕೋಣೆಯ ಮೇಲೆ. ಚರ್ಚನ್ನು ಪೂರಾ ಕಾಂಕ್ರೀಟಿನಿಂದ ತುಂಬಿಸಿದ್ದರೂ ಆ ಮನೆ ಉಳಿಯುತ್ತಿರಲಿಲ್ಲ.

ಶನಿವಾರ ಪುರಸಭೆಯಲ್ಲಿ ಇಂಜಿನಿಯರು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಇದನ್ನು ಅಳೆದವರು ಯಾರು ಎಂದು ಕೇಳಿದ. ಹಿಂದಿನ ಸಾಲಿನಿಂದ ಸೀರೆಯ ಮೇಲೆ ಕಾರ್ಡಿಗನ್ ಹಾಕಿದ್ದ ಚಿಕ್ಕತಾಯಮ್ಮ ಎದ್ದು ನಿಂತರು. ಅವನು ಪ್ರಾಧ್ಯಾಪಕರ ಕಡೆ ತಿರುಗಿ ಏನೋ ಅಂದ. ಅದನ್ನು ಯಾರೂ ಅವರಿಗೆ ಅನುವಾದಿಸಿ ಹೇಳಲಿಲ್ಲ. ಹೇಳದಿದ್ದರೂ ತಿಳಿಯಿತು. “ವಾದ ಮಾಡಕ್ಕೆ ನನಗೆ ಭಾಷೆ ಎಲ್ಲಿದೆ? ಬನ್ನಿ ಅಂತ ಕೈ ಮಾಡಿದೆ.” ಕೆಳಗೆ ಕರೆದೊಯ್ದು ಅವನ ಅಂಗೈಯನ್ನು ಮೊದಲು ಹುಟ್ಟುಗಲ್ಲಿನ ಮೇಲೆ, ಆಮೇಲೆ ಇಟ್ಟ ಕಲ್ಲಿನ ಮೇಲೆ ಇರಿಸಿ, ಪಕ್ಕದಲ್ಲೇ ಕಲ್ಲನ್ನು ಸುತ್ತಿಗೆಯಿಂದ ತಟ್ಟಿದರು. ನಿಕೋಲಾ ಏನನ್ನೋ ಜೋರಾಗಿ ಹೇಳಿದ. ಇಂಜಿನಿಯರು ಇನ್ನೊಮ್ಮೆ ತಟ್ಟಿ ಎಂದು ಸನ್ನೆ ಮಾಡಿದ. ಮೂರನೆಯ ಸಲ ಸುತ್ತಿಗೆಯನ್ನು ತಾನೇ ತೆಗೆದುಕೊಂಡ.

ಸೋಮವಾರ ಕಾಂಕ್ರೀಟಿನ ಲಾರಿಗಳು ಬರಲಿಲ್ಲ. ಮುದುಕಿಯನ್ನು ಒಪ್ಪಿಸಿ ನಾಲ್ಕು ತಿಂಗಳು ತಂಗಿಯ ಮನೆಯಲ್ಲಿರಿಸಿದರು. ಇಟ್ಟ ಕಲ್ಲನ್ನು ಒಂದೊಂದಾಗಿ ಬಿಚ್ಚಿ, ಕೋಣೆಯ ಸೂರಿಗೆ ಮೂರು ಹೊಸ ಕಂಬ ಕೊಟ್ಟರು. ಎಲ್ಲೆಲ್ಲಿ ಎಂಬುದನ್ನು ಚಿಕ್ಕತಾಯಮ್ಮನ ನಕ್ಷೆ ನೋಡಿಯೇ ಗುರುತು ಹಾಕಿದರು. ಮುದುಕಿ ಈಗಲೂ ತನ್ನ ಅದೇ ಹಳೆಯ ಮನೆಯಲ್ಲಿದ್ದಾಳೆ. ಕ್ರಿಸ್‌ಮಸ್‌ಗೆ ಅವಳಿಂದ ಒಣಗಿದ ಅಂಜೂರದ ಪೊಟ್ಟಣ ಐಸೆಲಿನ್‌ಗೆ ಬರುತ್ತದೆ.

೧೯೮೯ರಲ್ಲಿ ಸಂಶೋಧನೆಯ ಪುಸ್ತಕ ಬಂತು. ಅದರಲ್ಲಿ ನಾಲ್ಕು ಹೆಸರುಗಳಿವೆ. ಕಡೆಯ ಪುಟದಲ್ಲಿ ‘ನಕ್ಷೆಗಳು: ವಿಭಾಗದಿಂದ’ ಎಂದಷ್ಟೇ ಇದೆ, ಚಿಕ್ಕತಾಯಮ್ಮನ ಹೆಸರಿಲ್ಲ. ನಿವೃತ್ತಿಯ ಅಂಚಿನಲ್ಲಿರುವ ರಿನಾಲ್ಡಿ ಅದನ್ನು ಮುಚ್ಚಿಡುವುದಿಲ್ಲ. “ಅದು ಪದ್ಧತಿ ಅಂದುಕೊಂಡು ನಾನು ತಿದ್ದಲಿಲ್ಲ. ತಪ್ಪು ನನ್ನದು. ನಾವು ನಾಲ್ವರೂ ಆ ಗೋಡೆಗೆ ಒರಗಿ ಕೂತು ಎಷ್ಟೋ ಸಲ ಊಟ ಮಾಡಿದ್ದೆವು.”

ಬೇಸರವಿಲ್ಲವೇ ಎಂದರೆ ಚಿಕ್ಕತಾಯಮ್ಮ ಹಾಳೆಯ ಅಂಚು ಸರಿಪಡಿಸಿಕೊಳ್ಳುತ್ತಾರೆ. “ಇಲ್ಲ ಅಂದ್ರೆ ಸುಳ್ಳಾಗುತ್ತೆ. ಪುಸ್ತಕ ಬಂದ ದಿನ ಬಾತ್‌ರೂಮಿಗೆ ಹೋಗಿ ಅತ್ತೆ. ಮಾರನೆ ದಿನ ಐದೂವರೆಗೆ ಬಂದೆ. ಕೆಲಸ ಇತ್ತಲ್ಲ.”

ಈಗ ಮೇಜಿನ ಮೇಲಿರುವುದು ಇಪ್ಪತ್ತೆಂಟನೆಯ ಚರ್ಚು, ಕಡಲಂಚಿನ ಗುಹೆಯಲ್ಲಿ ಕೊರೆದದ್ದು. ಕಳೆದ ಬೇಸಿಗೆಯಲ್ಲಿ ಅಲ್ಲಿಗೂ ಹೋಗಿ ಅಳೆದು ಬಂದಿದ್ದಾರೆ. ಕಂಬಗಳ ಸಾಲು, ಪೀಠ, ಕೆಳಗಿಳಿಯುವ ಒಂಬತ್ತು ಮೆಟ್ಟಿಲು. ಒಂಬತ್ತನೆಯ ಮೆಟ್ಟಿಲಿನ ಆಚೆ ಹಾಳೆ ಬೆಳ್ಳಗಿದೆ. ಅಲ್ಲಿಂದ ಮುಂದೆ ಸಮುದ್ರದ ನೀರು ನಿಂತಿದೆಯಂತೆ. ಮೆಟ್ಟಿಲು ಮುಂದುವರಿಯುವುದಂತೂ ಖಂಡಿತ, ಚುಕ್ಕೆಗೆರೆ ಹಾಕಿಬಿಡಿ ಎಂದು ವಿದ್ಯಾರ್ಥಿಗಳು ಹೇಳಿದರು. ಅಳೆಯದೆ ಇವರು ಹಾಕಲಿಲ್ಲ.

“ಜೂನ್‌ನಲ್ಲಿ ಮತ್ತೆ ಹೋಗ್ತೀವಿ. ಅಷ್ಟರಲ್ಲಿ ಈಜು ಕಲಿಯೋ ಆಸೆ,” ಎಂದು ದನಿ ತಗ್ಗಿಸಿ ಹೇಳುತ್ತಾರೆ, ನಲವತ್ತೊಂದರ ಚಿಕ್ಕತಾಯಮ್ಮ. ಶನಿವಾರ ಶನಿವಾರ ಎಡಿಸನ್ನಿನ ಈಜುಕೊಳಕ್ಕೆ ಮಗಳ ಜೊತೆ ಹೋಗುತ್ತಾರೆ. ಹತ್ತು ವರ್ಷದ ಅವಳು ಕೊಳದ ಅಂಚಿನಲ್ಲಿ ಕೂತು “ಕಿಕ್, ಅಮ್ಮಾ, ಜಸ್ಟ್ ಕಿಕ್” ಎನ್ನುತ್ತಾಳಂತೆ. ಉಳಿದ ಅಮ್ಮಂದಿರು ನಗುತ್ತಾರಂತೆ.

ಪಕ್ಕದ ಕೋಣೆಯಲ್ಲಿ ಪಂಪು ಶುರುವಾಗುತ್ತದೆ. ಅವರು ಸಣ್ಣ ಮೊನೆಯ ಪೆನ್ನು ಮುಚ್ಚಿಟ್ಟು, ಬೆರಳ ತುದಿಯ ಶಾಯಿ ಒರೆಸಿಕೊಳ್ಳುತ್ತಾರೆ.

“ಮೊನ್ನೆ ಮೊದಲ್ನೇ ಸಲ ಅಂಚು ಹಿಡ್ಕೊಂಡು ತಲೆ ಮುಳುಗಿಸಿ, ನೀರೊಳಗೆ ಕಣ್ಣು ಬಿಟ್ಟೆ. ಕೆಳಗೆ ಒಂಬತ್ತು ಅಡಿ ಆಳ. ನೆಲ ಸ್ಪಷ್ಟವಾಗಿ ಕಾಣ್ತು.”