ಹೊಲದ ಬಾಜು ಇಳಿಯುವವರು

ರೋಣ ಸೀಮೆಯ ಈ ಸಣ್ಣ ಸ್ಟೇಷನ್ನಿಗೆ ಮಾಸ್ತರಾಗಿ ಬಂದ ಮೊದಲ ಸಂಜೆ ಗದಗದ ಕಡೆಯಿಂದ ಪ್ಯಾಸೆಂಜರ್ ಬಂದು ನಿಂತಿತು. ಹಸಿರು ಬಾವುಟ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ಕಾದೆ. ಒಬ್ಬರೂ ಇಳಿಯಲಿಲ್ಲ. ಗಾಡಿ ಹೊರಟು ಕೊನೆಯ ಡಬ್ಬಿ ಸರಿದ ಮೇಲೆ ನೋಡುತ್ತೇನೆ, ಹಳಿಯ ಆಚೆ ಮೂವತ್ತು ನಲವತ್ತು ಜನ ನನಗೆ ಬೆನ್ನು ಹಾಕಿ ಎರೆಹೊಲದ ಕಾಲುದಾರಿಯಲ್ಲಿ ಸಾಲಾಗಿ ಹೋಗುತ್ತಿದ್ದಾರೆ. ಮಾತಿಲ್ಲ, ಕತೆಯಿಲ್ಲ.

ನಮ್ಮ ಕೊಳ್ಳೇಗಾಲದಲ್ಲಿ ಬಸ್ಸು ನಿಂತರೆ ಇಳಿಯುವುದು ಒಂದೇ ಕಡೆ. ರೈಲಿಗೆ ಎರಡೂ ಕಡೆ ಬಾಗಿಲು. ಇಲ್ಲಿ ಸ್ಟೇಷನ್ ಕಟ್ಟಡ ಒಂದು ಬದಿಗಿದ್ದರೆ ಊರು ಇನ್ನೊಂದು ಬದಿಗೆ. ಆದ್ದರಿಂದ ಅಜ್ಜಂದಿರ ಕಾಲದಿಂದಲೂ ಜನ ಪ್ಲಾಟ್‌ಫಾರ್ಮಿನ ಹಂಗಿಲ್ಲದೆ ಆಚೆ ಬದಿಗೆ ಧುಮುಕಿ ಮನೆಗೆ ಹೋಗುತ್ತಾರೆ. ಅದಕ್ಕೆ ಅವರು 'ಹೊಲದ ಬಾಜು' ಎನ್ನುತ್ತಾರೆ; ಬಾಜು ಎಂದರೆ ನಮ್ಮ 'ಪಕ್ಕ'. ಇದ್ದದ್ದು ಒಂದೇ ಹಳಿಯಾದ್ದರಿಂದ ಯಾರಿಗೂ ಏನೂ ಆಗಿರಲಿಲ್ಲ. ಈಗ ಆ ಬದಿಗೆ ಎರಡನೇ ಹಳಿ ಹಾಕಿದ್ದಾರೆ. ನಾನು ಬಂದಾಗ ಅದು ತುಕ್ಕು ಹಿಡಿದು ಮಲಗಿತ್ತು. ದಿನಾ ಅದನ್ನು ನೋಡುತ್ತಾ ಚಹ ಕುಡಿಯುತ್ತಿದ್ದೆ. ಚಹ ರುಚಿಸುತ್ತಿರಲಿಲ್ಲ.

ಉಳಿದದ್ದೆಲ್ಲ ನಿಧಾನಕ್ಕೆ ಒಗ್ಗಿತು. ಕ್ವಾರ್ಟರ್ಸಿಗೆ ನೀರು ಎರಡು ದಿನಕ್ಕೊಮ್ಮೆ ಬರುತ್ತದೆ. ಮಳೆ ಬಿದ್ದರೆ ಕಪ್ಪು ಎರೆಮಣ್ಣು ಚಪ್ಪಲಿಯನ್ನು ಕಿತ್ತುಕೊಂಡೇ ಬಿಡುತ್ತದೆ. ನಮ್ಮ ಕೆಂಪು ಮಣ್ಣಿಗೆ ಅಷ್ಟು ಹಟವಿಲ್ಲ. ಮುದ್ದೆ ನುಂಗಿ ಬೆಳೆದ ನನಗೆ ಜೋಳದ ಕಟಕ್ ರೊಟ್ಟಿ ತಿನ್ನಲು ಕಲಿಸಿದವರು ನೀಲವ್ವ. ಬೆಳಿಗ್ಗೆ ಬುಟ್ಟಿ ತುಂಬ ರೊಟ್ಟಿ, ಶೇಂಗಾ ಚಟ್ನಿ ಹೊತ್ತು ಗದಗಕ್ಕೆ ಮಾರಲು ಹೋಗಿ ಸಂಜೆ ಪ್ಯಾಸೆಂಜರಿಗೆ ಮರಳುವ ವಿಧವೆ. ಮೊಣಕಾಲು ನೋವಿನ ಹೆಂಗಸು. ನನ್ನ ಕೊಳ್ಳೇಗಾಲದ ಮಾತು ಕೇಳಿ ಮೊದಲ ದಿನ ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. ಮನೆಯಲ್ಲಿ ಗಂಡನ ಹತ್ತಿರ ನಾಲ್ಕು ವರ್ಷದ ಮಗಳನ್ನು ಬಿಟ್ಟು ಬಂದಿದ್ದೇನೆಂದು ತಿಳಿದ ಮೇಲೆ ಮಾತ್ರ ನಗಲಿಲ್ಲ. ಅಂದಿನಿಂದ ನನ್ನ ಮೇಜಿನ ಮೇಲೆ ಎರಡು ರೊಟ್ಟಿ ಇಡದೆ ಅವರು ಗಾಡಿ ಹತ್ತಿದ್ದಿಲ್ಲ.

ಹೊಸ ಹಳಿಯ ಮೇಲೆ ಗಾಡಿ ಓಡತೊಡಗಿತು. ವಿದ್ಯುತ್ ಎಂಜಿನ್, ಹಳೆಯ ಡೀಸೆಲಿನ ಹಾಗೆ ಮೈಲಿ ದೂರದಿಂದ ಗುಡುಗುವುದಿಲ್ಲ. ಮೈಕಿನಲ್ಲಿ ಕೂಗಿದೆ, ಬೋರ್ಡು ಬರೆಸಿದೆ, ಪ್ಲಾಟ್‌ಫಾರ್ಮಿನ ತುದಿಯ ಮೇಲುಸೇತುವೆ ಹತ್ತಿ ಹೋಗಿ ಎಂದು ಕೈ ಮುಗಿದೆ. ಅಷ್ಟು ಮೆಟ್ಟಿಲು ಯಾರು ಹತ್ತಬೇಕು ಎಂದರು. ಕೊನೆಗೆ ನನಗೆ ತಿಳಿದ ಒಂದೇ ಉಪಾಯ ಮಾಡಿದೆ. ನನ್ನ ಪಾಳಿಯಲ್ಲಿ ಪ್ಯಾಸೆಂಜರ್ ನಿಂತಿರುವಾಗ ಬರುವ ಗೂಡ್ಸನ್ನು ಊರಾಚೆಯ ಕೆಂಪು ದೀಪದಲ್ಲೇ ತಡೆದು, ಜನ ದಾಟಿದ ಮೇಲೆ ಬಿಡುತ್ತಿದ್ದೆ. ವಿಳಂಬ ಯಾಕೆಂದು ಮೇಲಿನಿಂದ ಮೆಮೊ ಬಂತು. ಉತ್ತರ ಬರೆದೆ, ಮತ್ತೆ ತಡೆದೆ.

ಇದು ಊರಿಗೆ ಗೊತ್ತಾಯಿತು. ಗಜೇಂದ್ರಗಡದ ಸೀರೆ ಗಂಟು ಹೊತ್ತು ಬರುವ ನೇಕಾರರೊಬ್ಬರು ಒಂದು ಸಂಜೆ ಆಚೆ ಬದಿಗೆ ಇಳಿಯಲು ಹೆದರಿದಾಗ ನೀಲವ್ವನೇ ಧೈರ್ಯ ಹೇಳಿದರಂತೆ: "ಇಳೀರಿ, ಏನೂ ಬರೂದಿಲ್ಲ. ನಮ್ಮ ಅಕ್ಕಾರು ತಡೀತಾರ."

ಅದು ಕಿವಿಗೆ ಬಿದ್ದ ದಿನ ನನಗೆ ತಿಳಿಯಿತು. ಜೀವ ಉಳಿಸುತ್ತಿದ್ದೇನೆ ಎಂದುಕೊಂಡು ನಾನು ಅವರ ಭಯವನ್ನೇ ಕಳೆದಿದ್ದೆ. ಅದೇ ವಾರ, ಬಂದ ತಿಂಗಳಲ್ಲೇ ಅರ್ಜಿ ಹಾಕಿದ್ದ ವರ್ಗಾವಣೆಯ ಆದೇಶವೂ ಬಂತು. ಮನೆಗೆ ಒಂದು ಗಂಟೆ ದೂರದ ಸ್ಟೇಷನ್. ಗಂಡ ಫೋನಿನಲ್ಲಿ ಮಗಳನ್ನು ಕುಣಿಸಿದ. ನಾನೂ ನಕ್ಕೆ. ಆದೇಶವನ್ನು ಡ್ರಾಯರಿನಲ್ಲಿಟ್ಟೆ, ಯಾರಿಗೂ ಹೇಳಲಿಲ್ಲ.

ನಿನ್ನೆ ನನಗೆ ವಾರದ ರಜೆ. ಬದಲಿಗೆ ಬಂದ ಮಾಸ್ತರರನ್ನು ಗೂಡ್ಸ್ ತಡೆಯಲು ಕೇಳಿಕೊಂಡೆ. ನಿಯಮದಲ್ಲಿಲ್ಲ ಎಂದರು, ಅವರ ಮಾತು ಸರಿಯೇ. ಸಂಜೆ ಹೊತ್ತಿಗೆ ನಾನೇ ಹೋಗಿ ಹೊಲದ ಬಾಜು ನಿಂತೆ. ಪ್ಯಾಸೆಂಜರ್ ಬಂತು. ಎರಡೂ ಕೈ ಚಾಚಿ, ಪ್ಲಾಟ್‌ಫಾರ್ಮಿನ ಕಡೆ ಇಳಿಯಿರಿ ಎಂದು ಕೂಗಿದೆ. ನನ್ನನ್ನು ಕಂಡು ಎಲ್ಲರಿಗೂ ಇನ್ನಷ್ಟು ನಿರಾಳವಾಯಿತು. ನಾಲ್ಕಾರು ಜನ ಇಳಿದೇ ಬಿಟ್ಟರು. ಬಾಗಿಲಲ್ಲಿದ್ದ ನೀಲವ್ವ, "ಹಿಡೀರಿ, ಅಕ್ಕಾರ, ಮೊಣಕಾಲ ಭಾಳ ಹಿಡದಾವು" ಎಂದು ಬುಟ್ಟಿ ನೀಡಿದರು. ತಡೆಯಲು ಹೋದ ನನ್ನ ಕೈ ಬುಟ್ಟಿಯನ್ನು ಹಿಡಿದುಕೊಂಡಿತು.

ಆಗ ಬೆನ್ನ ಹಿಂದೆ ಹಾರ್ನ್ ಕೇಳಿಸಿತು. ಇಳಿದವರು ಹೊಲಕ್ಕೆ ಹಾರಿದರು. ಬುಟ್ಟಿ ಬಿಸಾಡಿ, ನೀಲವ್ವನನ್ನು ಒಳಕ್ಕೆ ತಳ್ಳಿ, ನಾನೂ ಡಬ್ಬಿಯ ಮೆಟ್ಟಿಲು ಹತ್ತಿ ಕಂಬಿ ಹಿಡಿದೆ. ಗೂಡ್ಸ್ ಮುಗಿಯುವಂತೆಯೇ ಇರಲಿಲ್ಲ. ಕೊನೆಗೆ ಹಳಿಯ ನಡುವೆ ಬುಟ್ಟಿಯ ಚೂರುಗಳು ಉಳಿದವು. ಆಚೆ ಹೊಲದಲ್ಲಿ ತಲೆಗಳನ್ನು ಎಣಿಸಿದೆ. ಎಲ್ಲರೂ ಇದ್ದರು.

ನೀಲವ್ವ ಬುಟ್ಟಿಯ ಚೂರುಗಳನ್ನು ನೋಡಿದರು. "ಇವತ್ತ ಯಾಕ ತಡೀಲಿಲ್ರಿ?" ಎಂದರು. ಸಿಟ್ಟಿರಲಿಲ್ಲ, ನೋವಿತ್ತು. ಅವರನ್ನು ಪ್ಲಾಟ್‌ಫಾರ್ಮಿನ ಕಡೆಯಿಂದ ಇಳಿಸಿ, ಸೇತುವೆಯ ಮೆಟ್ಟಿಲು ಹತ್ತಿಸುತ್ತಾ, ನಾಳೆಯಿಂದ ಈ ಕಡೆಯೇ ಇಳಿಯಬೇಕೆಂದು ಆಣೆ ಕೇಳಿದೆ.

ಅವರು ಮೇಲುಸೇತುವೆಯ ನಡುವೆ ಮೊಣಕಾಲು ಒತ್ತಿಕೊಂಡು ನಿಂತರು. ಒಂದು ಕಡೆ ನನ್ನ ಕ್ವಾರ್ಟರ್ಸು, ಇನ್ನೊಂದು ಕಡೆ ಅವರ ಊರು. "ನಾಳಿ ನೀವ ಇರ್ತೀರಲ್ಲ?" ಎಂದರು.

ಇರುತ್ತೇನೆ ಎಂದೆ. ಇಲ್ಲಿಂದ ನನ್ನ ಬಿಡುಗಡೆ ಅದರ ಮರುದಿನ.