ಮೊಸರನ್ನದ ನಾಯಿಯ ಮೇಲಿನ ಅಪವಾದ

ನಾಯಿಯ ಬಾಯಿ ನಾರಿದರೆ ಅದು ಕದ್ದು ಮಾಂಸ ತಿಂದಿದೆ ಎಂಬ ತೀರ್ಮಾನವನ್ನು ನಮ್ಮ ಮನೆಯಲ್ಲಿ ಮೊದಲು ಯಾರು ಹೇಳಿದರೋ ತಿಳಿಯದು. ಹೇಳಿದವರಾರೂ ಅದರ ಬಾಯಿ ತೆರೆದು ನೋಡಿರಲಿಲ್ಲ ಎಂಬುದು ಮಾತ್ರ ಖಚಿತವಾಗಿ ಗೊತ್ತು.

ಭದ್ರಾವತಿಯ ನಮ್ಮ ಮನೆಯಲ್ಲಿ ಲಿಂಗಪೂಜೆಯಾಗದೆ ಯಾರ ತಟ್ಟೆಗೂ ಅನ್ನ ಬೀಳದು. ನಾಯಿಗೂ ಅದೇ ನಿಯಮ. ಮರಿಯಾಗಿ ಬಂದಾಗಿನಿಂದ ಅದಕ್ಕೆ ಹಾಲು ಅನ್ನ, ಮೊಸರನ್ನ, ಹಬ್ಬವಿದ್ದರೆ ಹೋಳಿಗೆಯ ಚೂರು. "ನಮ್ಮದು ಮಾಂಸ ಮುಟ್ಟದ ನಾಯಿ" ಎಂದು ಹೆಂಡತಿ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದಳು. ಹೀಗಾಗಿ, ಕಳೆದ ಬೇಸಿಗೆಯಲ್ಲಿ ಅದರ ಉಸಿರು ಪಡಸಾಲೆಯಿಂದ ದೇವರ ಕೋಣೆಯವರೆಗೆ ನಾರತೊಡಗಿದಾಗ, ಅವಳ ಮೂಗಿಗಿಂತ ಮಾನಕ್ಕೆ ಹೆಚ್ಚು ಪೆಟ್ಟು ಬಿತ್ತು.

ಆರೋಪಿ ಸಿದ್ಧನಾಗಿಯೇ ಇದ್ದ: ಎದುರು ಮನೆಯ ಗೂಡ್ಸ್ ಆಟೋ ಚಾಲಕ, ಮುಸಲ್ಮಾನ. "ಅವ್ರ ಮನೆಯವ್ರೇ ಮೂಳೆ ಹಾಕಿರ್ತಾರೆ, ಬಿಡಿ" ಎಂದಳು ಹೆಂಡತಿ.

ಶಿವಮೊಗ್ಗದಲ್ಲಿ ಅಡಿಕೆ ಮಂಡಿ ಇಟ್ಟಿರುವ ಅವಳ ತಮ್ಮ ಬಂದವನು ಮೂಗು ಮುಚ್ಚಿಕೊಂಡೇ ತೀರ್ಪು ಕೊಟ್ಟ. "ಭಾವ, ಒಂದ್ಸಲ ಮಾಂಸದ ರುಚಿ ಹತ್ತಿದ್ ನಾಯಿ ಮನೇಲಿ ಇರಬಾರ್ದು. ಅಮಾವಾಸ್ಯೆ ಕಳೀಲಿ, ಬಂದು ಕರ್ಕೊಂಡು ಹೋಗ್ತೀನಿ. ಗೋದಾಮಿನ ಬಾಗಿಲಿಗೆ ಕಟ್ಟಿಹಾಕಿದ್ರೆ ಇಲಿನಾದ್ರೂ ಓಡಿಸುತ್ತೆ."

"ಅದರ ಬಾಯಿ ನೋಡಿದೀಯೇನೋ?"

"ನೋಡೋದೇನು ಭಾವ, ಇಲ್ಲೀವರ್ಗೂ ವಾಸನೆ ಹೊಡೀತಿದೆಯಲ್ಲ!"

ನಾನು ಹೆಚ್ಚು ಶಾಲೆ ಕಂಡವನಲ್ಲ. ಓದಿದ್ದೆಲ್ಲ ಗ್ರಂಥಾಲಯದ ಬೆಂಚಿನ ಮೇಲೆ. ಎಲ್ಲರೂ ಒಪ್ಪಿದ ಮಾತನ್ನೇ ಮೊದಲು ಪರೀಕ್ಷಿಸಬೇಕೆಂಬ ಹಟ ಅಲ್ಲಿಂದಲೇ ಅಂಟಿದ್ದು. ನಾಯಿಯನ್ನು ಜಗುಲಿಯ ಬೆಳಕಿಗೆ ಕರೆದು ತುಟಿ ಸರಿಸಿದೆ. ದವಡೆಹಲ್ಲುಗಳಿಗೆ ಗಾರೆ ಮೆತ್ತಿದಂತೆ ಕಂದು ಕಿಟ್ಟ; ಊದಿದ ಒಸಡು; ಬೆರಳು ತಾಗಿದ ಕೂಡಲೇ ರಕ್ತ. ಒಂದು ಹಲ್ಲು ಅಲ್ಲಾಡುತ್ತಿತ್ತು. ನಾಯಿ ಕುಂಯ್‌ಗುಟ್ಟಿತೇ ಹೊರತು ಕಚ್ಚಲಿಲ್ಲ. ನೋವು ತಿನ್ನುತ್ತಿದ್ದ ಪ್ರಾಣಿಗೆ ಇವರು ಕಳ್ಳನ ಪಟ್ಟ ಕಟ್ಟಿದ್ದರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಶಿವಮೊಗ್ಗದ ಪಶುವೈದ್ಯರ ಬಳಿಗೆ ನಾಯಿಯನ್ನೂ ನನ್ನನ್ನೂ ಕರೆದೊಯ್ದದ್ದು ಆ ಎದುರು ಮನೆಯವನ ಗೂಡ್ಸ್ ಆಟೋವೇ. ಅಪವಾದ ಅವನ ಕಿವಿಗೂ ಬಿದ್ದಿತ್ತು. "ನಮ್ಮನೇಲಿ ಮೂಳೆ ಉಳಿದ್ರೆ ತಾನೇ ಸಾರ್, ನಾಯಿಗೆ ಹಾಕೋದು? ನಮ್ ಹುಡುಗ್ರು ಒಳಗಿನ ಮಜ್ಜೆನೂ ಬಿಡಲ್ಲ!" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಅಲ್ಲಿನ ಆಲ್ಕೊಳ ಬಡಾವಣೆಯ ಪಶುವೈದ್ಯೆ ನೋಡಿದವರೇ ಕೇಳಿದರು: "ಯಜಮಾನ್ರೇ, ಇದರ ಹಲ್ಲು ಯಾವತ್ತಾದ್ರೂ ಉಜ್ಜಿದೀರಾ?"

"ನಾಯಿಗೆ ಹಲ್ಲುಜ್ಜೋದಾ?"

"ಅನ್ನ ತಿಂದ್ರೂ ಉಜ್ಜಬೇಕು, ಮಾಂಸ ತಿಂದ್ರೂ ಉಜ್ಜಬೇಕು. ನಿಮ್ಮ ಪೇಸ್ಟ್ ಮಾತ್ರ ಹಾಕ್ಬೇಡಿ, ನುಂಗಿಬಿಡುತ್ತೆ. ನಾಯಿದೇ ಬೇರೆ ಸಿಗುತ್ತೆ."

ರಕ್ತ ಪರೀಕ್ಷಿಸಿ, ಅರಿವಳಿಕೆ ಕೊಟ್ಟು, ಕಿಟ್ಟ ಕೆರೆದು, ಕೊಳೆತ ಹಲ್ಲನ್ನು ಕಿತ್ತರು. ಅದನ್ನು ಕೇಳಿ ಪಡೆದು ಖಾಲಿ ನಶ್ಯದ ಡಬ್ಬಿಯಲ್ಲಿಟ್ಟುಕೊಂಡೆ.

ಅಮಾವಾಸ್ಯೆ ಕಳೆಯಿತು. ಭಾವಮೈದುನ ಸರಪಣಿ ಹಿಡಿದು ಬಂದ. ನಾಯಿ ಅವನ ಮುಖದೆದುರಿಗೇ ನಿಂತು ಆಕಳಿಸಿತು. ಅವನು ಮೂಗು ಮುಚ್ಚಲು ಎತ್ತಿದ ಕೈಯನ್ನು ಇಳಿಸಿದ. "ನೋಡಿದ್ರಾ ಭಾವ, ಮೂಳೆ ನಿಲ್ಸಿದ್ ಮೇಲೆ ಹೆಂಗೆ ಸರಿಹೋಯ್ತು!"

ನಾನು ಡಬ್ಬಿಯ ಮುಚ್ಚಳ ತೆಗೆದು ಅವನ ಕಾಫಿ ಲೋಟದ ಪಕ್ಕದಲ್ಲಿಟ್ಟೆ. ಅವನು ಕಾಫಿ ಕುಡಿಯುವುದನ್ನು ನಿಲ್ಲಿಸಿದ.

"ಏನ್ ಭಾವ ಇದು?"

"ಇದರ ಬಾಯಲ್ಲಿ ನಾರುತ್ತಿದ್ದದ್ದು. ಈಗಲಾದ್ರೂ ನೋಡು."

ಹೆಂಡತಿ ಒಳಗಿನಿಂದ ಬಂದು, ಬಗ್ಗಿ ನೋಡಿ, ಸರಪಣಿಯನ್ನೆತ್ತಿ ತಮ್ಮನ ಚೀಲಕ್ಕೇ ಹಾಕಿದಳು. "ಗೋದಾಮಿಗೆ ಬೆಕ್ಕು ಸಾಕ್ಕೋ ಮಾರಾಯ" ಎಂದಳು.

ನಾಯಿ ಉಳಿಯಿತು, ಈಗ ಪೂಜೆಯ ನಂತರ ಅದಕ್ಕೆ ಹಲ್ಲುಜ್ಜುವವಳೂ ಅವಳೇ. ಆದರೆ ಎದುರು ಮನೆಯವರ ಮೇಲೆ ಹೊರಿಸಿದ ಮಾತನ್ನು ಅಕ್ಕನಾಗಲಿ ತಮ್ಮನಾಗಲಿ ಇಂದಿಗೂ ಹಿಂತೆಗೆದುಕೊಂಡಿಲ್ಲ. ಅದಕ್ಕೇ ಆ ಡಬ್ಬಿಯನ್ನು ನಾನಿನ್ನೂ ಎಸೆದಿಲ್ಲ.