ಹೂ ಮುಡಿಸುವ ಸ್ಕ್ರಿಪ್ಟು

ನನ್ನ ಕೆಲಸ ಏನೆಂದು ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳಿದರೆ, ನಾನು ಹೇಳಿ ಮುಗಿಸುವಷ್ಟರಲ್ಲಿ ಅವರ ಬಸ್ಸು ಬಂದಿರುತ್ತದೆ. ಮದ್ದೂರಿನ ನಮ್ಮ ಮನೆಯ ನಡುಮನೆಯಲ್ಲಿ ಒಂದು ಕಂಪ್ಯೂಟರಿದೆ, ಪಕ್ಕದಲ್ಲಿ ಒಂದು ಸ್ಕ್ಯಾನರು. ಫೋಟೋಗಳನ್ನು ಕಂಪ್ಯೂಟರಿನಲ್ಲೇ ಪುಟಪುಟವಾಗಿ ಜೋಡಿಸಿ, ಸುತ್ತ ರಿಬ್ಬನ್ನು, ಗುಂಡಿ, ಜರಿ, ಹೂವು ಇಟ್ಟು ಪುಸ್ತಕ ಮಾಡುತ್ತಾರಲ್ಲ, ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಅಂತ, ಅದಕ್ಕೆ ಬೇಕಾದ ಅಲಂಕಾರದ ತುಣುಕುಗಳನ್ನು ಮಾಡುವವಳು ನಾನು. "ಅಂದ್ರೆ ಸ್ಟಿಕ್ಕರ್ರಾ?" ಅನ್ನುತ್ತಾರೆ. ಹೌದು ಮಾರಾಯ್ರೇ, ಸ್ಟಿಕ್ಕರ್ರೇ ಅಂದ್ಕೊಳ್ಳಿ ಅನ್ನುತ್ತೇನೆ. ಬಿಸಿಲಲ್ಲಿ ನಿಂತು ಜಗಳ ಆಡಲು ನನಗೇನು ಹುಚ್ಚೇ?

ಮೊದಮೊದಲು ಒಂದೊಂದು ಹೂವನ್ನೂ ಮೌಸ್ ಹಿಡಿದು ಕೈಯಾರೆ ಇಡುತ್ತಿದ್ದೆ. ಒಂದು ದಂಡೆ ಮುಗಿಯುವಷ್ಟರಲ್ಲಿ ಕತ್ತು ಹಿಡಿದುಕೊಂಡು, ತಲೆ ಕೆಟ್ಟು ಮೊಸರುಗಡಿಗೆಯಾಗುತ್ತಿತ್ತು. ಆಮೇಲೆ ಸ್ಕ್ರಿಪ್ಟ್ ಬರೆಯುವುದನ್ನು ಕಲಿತೆ. ಸ್ಕ್ರಿಪ್ಟ್ ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಅಪ್ಪಣೆ. ಒಂದು ಸಲ ಸರಿಯಾಗಿ ಬರೆದುಬಿಟ್ಟರೆ ಗುಂಡಿ ಒತ್ತಿ ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರಬಹುದು, ಕೆಲಸ ಅದರ ಪಾಡಿಗೆ ಆಗಿರುತ್ತದೆ.

ಹೂವು ಮಾತ್ರ ಅವ್ವನದು. ಅಪ್ಪ ಹೋದಮೇಲೆ ಅವ್ವ ನಮ್ಮ ಜೊತೆಗೇ ಇದ್ದಾಳೆ. ಹಿತ್ತಿಲಲ್ಲಿ ಕನಕಾಂಬರ, ಸೇವಂತಿಗೆ, ಮರುಗ ಬೆಳೆಸಿ ಬೀದಿಯ ಹೆಂಗಸರಿಗೆಲ್ಲ ಕಟ್ಟಿಕೊಡುತ್ತಾಳೆ. ಅವಳ ಕನಕಾಂಬರವನ್ನೇ ಸ್ಕ್ಯಾನರಿನ ಗಾಜಿನ ಮೇಲೆ ಇಟ್ಟು ಚಿತ್ರ ತೆಗೆದೆ. ಸ್ಕ್ರಿಪ್ಟು ಕಟ್ಟಿದ ಮೊದಲ ದಂಡೆಯನ್ನು ನೋಡಿ ಅವ್ವ ನಕ್ಕುಬಿಟ್ಟಳು. "ಇದೇನ್ ಮಗ, ಎಲ್ಲಾ ಪೋಲೀಸ್ನೋರಂಗೆ ಸಾಲಾಗ್ ನಿಂತವೆ!" ಆಮೇಲೆ ಒಂದೊಂದು ಹೂವೂ ಒಂಚೂರು ಅತ್ತಿತ್ತ ವಾಲುವಂತೆ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿಸಿದೆ.

ಅವ್ವ ತಾನು ಹೂ ಮುಡಿಯುವುದಿಲ್ಲ. ಅಪ್ಪ ತೀರಿಕೊಂಡಾಗ ನೆಂಟರ ಹೆಂಗಸರು ಅವಳ ತಲೆ ತುಂಬ ಹೂ ಮುಡಿಸಿ, ಶಾಸ್ತ್ರ ಅಂತ ಅವರೇ ಅದನ್ನು ಕಿತ್ತುಹಾಕಿದರು. ನಾನು ಅಲ್ಲೇ ಕಂಬ ಹಿಡಿದು ನಿಂತಿದ್ದೆ. ಅವತ್ತಿನಿಂದ ಅವ್ವನ ಕೈ ಊರಿಗೆಲ್ಲ ಹೂ ಕಟ್ಟಿದೆ, ತನ್ನ ತಲೆಯವರೆಗೆ ಹೋಗಿಲ್ಲ.

ಮಳವಳ್ಳಿಯಲ್ಲಿರುವ ನನ್ನ ಅಕ್ಕನ ಮಗಳಿಗೆ ಸೀಮಂತ ಆಯಿತು, ಮಂಡ್ಯದ ಬೀಗರ ಮನೆಯಲ್ಲಿ. ಹುಡುಗಿಯ ಮೊದಲ ಬಸಿರು ನಿಂತಿರಲಿಲ್ಲ. ಹಾಗಾಗಿ ಈ ಸಲ ಎಲ್ಲರಿಗೂ ಸಡಗರ ಒಂದು ಪಾಲು, ದಿಗಿಲು ಎರಡು ಪಾಲು. ಹುಡುಗಿಯ ಮೊಗ್ಗಿನ ಜಡೆಯನ್ನು ಅವ್ವನೇ ಕಟ್ಟಿ ಬಾಳೆ ಎಲೆಯಲ್ಲಿ ಸುತ್ತಿ ತಂದಿದ್ದಳು. ಮುತ್ತೈದೆಯರು ಬಳೆ ತೊಡಿಸಿ ಆರತಿ ಎತ್ತುವಾಗ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಳು. ನೆನಪಿಗೊಂದು ಪುಸ್ತಕ ಮಾಡಿಕೊಡುತ್ತೇನೆ ಅಂತ ಬೀಗರಿಗೆ ಮಾತು ಕೊಟ್ಟವಳು ನಾನೇ.

ಫೋಟೋಗಳನ್ನು ಎರಡು ಫೋಲ್ಡರಿಗೆ ಹಾಕಿದೆ: ಹೆಂಗಸರು, ಗಂಡಸರು. ಗಂಡಸರ ಫೋಟೋಗೆ ಸುತ್ತ ಜರಿ ಅಂಚು. ಹೆಂಗಸರಿಗೆ ಕಿವಿಯ ಹಿಂದಿನಿಂದ ಇಳಿಬಿದ್ದ ಹೂವಿನ ದಂಡೆ, ಅವರವರ ಸೀರೆಗೆ ಒಪ್ಪುವ ಬಣ್ಣದ್ದು. ಮುಖ ಎಲ್ಲಿದೆ, ಕಿವಿ ಎಲ್ಲಿದೆ ಅಂತ ಸ್ಕ್ರಿಪ್ಟೇ ಹುಡುಕಿಕೊಳ್ಳುತ್ತದೆ. ಅವ್ವನ ಫೋಟೋಗಳು ಹೆಂಗಸರ ಫೋಲ್ಡರಿಗೆ ಹೋದವು. ಅವ್ವ ಹೆಂಗಸಲ್ಲದೆ ಇನ್ನೇನು?

ಗುಂಡಿ ಒತ್ತಿ ಒಲೆಯ ಹತ್ತಿರ ಹೋದೆ. ವಾಪಸ್ ಬಂದಾಗ ಅವ್ವ ಪೊರಕೆ ಹಿಡಿದು ಕಂಪ್ಯೂಟರಿನ ಮುಂದೆ ನಿಂತಿದ್ದಳು. ತೆರೆಯ ಮೇಲೆ ಅವಳದೇ ಪುಟ. ಬೂದು ಸೀರೆ, ಬಾಗಿಲ ಚೌಕಟ್ಟಿನ ಮೇಲೆ ಒಂದು ಕೈ, ಕಿವಿಯ ಹಿಂದೆ ಕನಕಾಂಬರ. ಅವಳಿಗೂ ಹೂ ಬೀಳುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಅವ್ವ ಸೆರಗಿನ ತುದಿಯಿಂದ ತೆರೆಯನ್ನು ಮೆಲ್ಲಗೆ ಒರೆಸಿದಳು. ಹೂವು ಅಲ್ಲೇ ಇತ್ತು.

"ನಮ್ ಗಿಡದ್ದೇ ಅಲ್ವಾ ಮಗ?" ಅಂದಳು.

"ಊಂ ಕಣವ್ವ."

"ಸಂದಾಗದೆ ಬುಡು" ಅಂದು ಗುಡಿಸುವುದಕ್ಕೆ ಹೋದಳು. ಆವತ್ತು ನನ್ನ ಸಾರಿಗೆ ಉಪ್ಪು ಸಾಲದು ಅಂತ ಬೈಯಲೂ ಇಲ್ಲ. ಎಷ್ಟು ಖುಷಿಯಾಯಿತು ಅಂದರೆ ಪುಟಗಳನ್ನೆಲ್ಲ ಆಗಲೇ ಅಕ್ಕನ ಫೋನಿಗೆ ಕಳಿಸಿಬಿಟ್ಟೆ.

ಸಂಜೆಯಾಗುವ ಮುಂಚೆಯೇ ಅಕ್ಕನ ಫೋನು ಬಂತು. "ಅವ್ವನ್ ತಲೇಲಿ ಊವ ಮಡಗಿದ್ದೀಯಲ್ಲೇ! ನಿಂಗೇನ್ ಬುದ್ದಿಗಿದ್ದಿ ಅದಾ?"

"ನಾನ್ ಮಡಗ್ಲಿಲ್ಲ ಕಣಕ್ಕ, ಸ್ಕ್ರಿಪ್ಟು ಮಡಗ್ತು."

"ಸ್ಕ್ರಿಪ್ಟೋ ಗಿಪ್ಟೋ, ಬೀಗಿತ್ತಿ ನೋಡುದ್ರೆ ಏನಂದಾಳು? ಒಟ್ಟೇಲಿ ಕೂಸ್ ಮಡಿಕಂಡಿರೋ ಉಡುಗಿ. ನಾಳಕ್ಕೆ ಎಚ್ಚುಕಮ್ಮಿ ಆದ್ರೆ ಈ ಊವಿನ್ ಮ್ಯಾಲೇ ಆಕ್ತಾರೆ."

ನನಗೆ ರೇಗಿಹೋಯಿತು. "ಮೊಗ್ಗಿನ್ ಜಡೆ ಕಟ್ಟಿದ್ಯಾರು? ಅದೇ ಅವ್ವ ತಾನೆ? ಅದುಕ್ ಯಾರೂ ಏನೂ ಅನ್ನಿಲ್ವಲ್ಲ!"

"ಕಟ್ಟದೇ ಬ್ಯಾರೆ, ಮುಡಿಯದೇ ಬ್ಯಾರೆ. ನಿಂಗೆ ಗೊತ್ತಿಲ್ವಾ?" ಅಂದವಳ ದನಿ ಒಡೆಯಿತು. "ನನ್ ಮಗ್ಳು ಆ ಮನೇಲಿ ಬಾಳ್ಬೇಕು ಕಣಮ್ಮಿ. ನಿನ್ ಕಾಲ್ ಕಟ್ಕತೀನಿ, ತಗ್ದಾಕು."

ಅಕ್ಕ ಅತ್ತರೆ ನನ್ನ ಕೈಯಲ್ಲಿ ಆಗುವುದಿಲ್ಲ. ಹೋದ ಸಲ ಆ ಹುಡುಗಿ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಾಗ ಬೀಗರ ಮನೆಯಲ್ಲಿ ಎಂತೆಂಥ ಮಾತು ಕೇಳಿದಳೆಂದು ನನಗೂ ಗೊತ್ತು. ಇತ್ತ ಅವ್ವ, ಅತ್ತ ಹೊಟ್ಟೆಯಲ್ಲಿರುವ ಕೂಸು. ಅತ್ತ ದರಿ ಇತ್ತ ಪುಲಿ. ಆಯ್ತು ಬುಡಕ್ಕ ಅಂದೆ.

ಅವ್ವ ಬಹಳ ಫೋಟೋಗಳಲ್ಲಿದ್ದಳು. ಒಂದೊಂದರಿಂದ ಹೂ ಅಳಿಸುತ್ತಾ ಕೂರುವ ಬದಲು ಅವಳನ್ನು ಹೆಂಗಸರ ಫೋಲ್ಡರಿನಿಂದ ತೆಗೆದುಬಿಟ್ಟರೆ ಸಾಕಿತ್ತು. ತೆಗೆದು ಎಲ್ಲಿ ಇಡುವುದು? ಯಾವ ಫೋಲ್ಡರಿನಲ್ಲೂ ಇಲ್ಲದವರು ಪುಸ್ತಕಕ್ಕೇ ಬರುವುದಿಲ್ಲ. ಮೂರನೆಯದೊಂದು ಮಾಡಿದೆ. ಕಂಪ್ಯೂಟರು ಅದಕ್ಕೊಂದು ಹೆಸರು ಕೇಳಿತು. 'ಅವ್ವ' ಅಂತ ಬರೆದೆ. ಆದರೆ ಸ್ಕ್ರಿಪ್ಟಿನಲ್ಲೂ ಅದನ್ನೇ ಬರೆಯಬೇಕಲ್ಲ, ಅವ್ವನಿಗೆ ಹೂವು ಬೇಡ ಅಂತ! ಆ ಸಾಲು ಬರೆಯಲು ಬೆರಳು ಏಳಲಿಲ್ಲ. ಅಳಿಸಿ 'ಇತರೆ' ಅಂತ ಬರೆದೆ. ಆಗ ಸುಲಭವಾಗಿ ಬರೆಯಲಾಯಿತು. ಹೆಂಗಸರ ಹಕ್ಕಿನ ಮೆರವಣಿಗೆ, ಭಾಷಣ ಕಂಡರೆ ನಿಂತು ಚಪ್ಪಾಳೆ ತಟ್ಟುವವಳು ನಾನು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಎರಡನೆಯ ಸಲ ಗುಂಡಿ ಒತ್ತಿ ಒಗ್ಗರಣೆಗೆ ಹೋಗಲಿಲ್ಲ. ಕೂತು ನೋಡಿದೆ. ಬೀಗಿತ್ತಿಗೆ ಹೂವು, ಅಕ್ಕನಿಗೆ ಹೂವು, ಫೋಟೋದ ಮೂಲೆಯಲ್ಲಿ ಹಾದುಹೋದ ಪಾತ್ರೆ ತೊಳೆಯುವವಳಿಗೂ ಹೂವು. ಅವ್ವನ ಕಿವಿಯ ಹಿಂದೆ ಬರೀ ಗೋಡೆ.

ಅಚ್ಚು ಹಾಕಿಸಲು ಮಂಡ್ಯಕ್ಕೆ ರೈಲಿನಲ್ಲಿ ಹೋದೆ. ಹನಕೆರೆಯಲ್ಲಿ ರೈಲು ನಿಂತಾಗ ಇಳಿದು ಮನೆಗೆ ವಾಪಸ್ ಹೋಗಿಬಿಡೋಣ ಅನ್ನಿಸಿತು. ಇಳಿಯಲಿಲ್ಲ. ಬೀಗರಿಗೊಂದು ಪ್ರತಿ, ಅಕ್ಕನಿಗೊಂದು, ನಮ್ಮ ಮನೆಗೊಂದು. ಬೀಗಿತ್ತಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳಂತೆ. ಅಕ್ಕ ಫೋನಿನಲ್ಲಿ ಅದನ್ನೇ ಎರಡೆರಡು ಸಲ ಹೇಳಿದಳು.

ನಮ್ಮ ಪ್ರತಿಯನ್ನು ಬೀರುವಿನ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದೆ. ಬಟ್ಟೆ ಮಡಿಸಿಡಲು ಹೋದ ಅವ್ವನಿಗೆ ಅದು ಸಿಕ್ಕಿತು. ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದ ಜಾಗಕ್ಕೇ ತಂದು, ಕೈ ಒರೆಸಿಕೊಂಡು, ಒಂದೊಂದೇ ಪುಟ ತಿರುಗಿಸಿದಳು. ಮೊಮ್ಮಗಳ ಜಡೆಯನ್ನು ಬೆರಳಲ್ಲಿ ಸವರಿದಳು. ನಾನು ಹತ್ತಿರದಲ್ಲೇ ಕೂತು ಬೇಡದಿದ್ದರೂ ಅವರೆಕಾಯಿ ಸುಲಿಯುತ್ತಿದ್ದೆ. ಅವಳ ಪುಟ ಬಂತು.

ತುಂಬ ಹೊತ್ತು ನೋಡಿದಳು. ಸೆರಗಿನಿಂದ ಒರೆಸಿದಳು.

"ಇಲ್ಲಿ ಊವಿತ್ತಲ್ಲ ಮಗ?"

"ಇತ್ತು ಕಣವ್ವ."

"ಮೊದ್ಲು ನಿನ್ ಮಿಸಿನ್‌ಗೆ ಇವೆಲ್ಲಾ ಗೊತ್ತಿರ್ನಿಲ್ಲ" ಅಂದಳು. ಸಿಟ್ಟಿರಲಿಲ್ಲ, ಸುಮ್ಮನೆ ಕೇಳುವ ಹಾಗೆ ಕೇಳಿದಳು. "ಯಾರ್ ಏಳ್ಕೊಟ್ರು ಅದುಕ್ಕೆ?"

ಅಕ್ಕನ ಹೆಸರು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಬರೆದ ಬೆರಳು ನನ್ನವು. ಅವ್ವ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, ಕಟ್ಟಿ ಮುಗಿಸಿದ್ದ ದಂಡೆಯಿಂದ ಒಂದು ಗೇಣು ಅಳೆದು ದಾರವನ್ನು ಹಲ್ಲಲ್ಲಿ ಕಡಿದಳು.

"ಆ ಕಡೀಕ್ ತಿರುಕ್ಕೋ ಮಗ. ಬಾಡೋಯ್ತವೆ."

ನಾನು ಅವಳಿಗೆ ಬೆನ್ನು ಮಾಡಿ ಕೂತೆ. ಅವಳು ನನ್ನ ಜಡೆಗೆ ಹೂ ಸಿಕ್ಕಿಸಿ, ಪಿನ್ನು ಒತ್ತಿ, ಸರಿಯಾಗಿ ಕೂತಿದೆಯೇ ಅಂತ ಎರಡೂ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿದಳು.